ಬಳ್ಳಿ ರೀಲುಗಳ ಕಾಯಿಲೆ

ಇಸ್ತ್ರಿಯವನು ಬಟ್ಟೆ ತಂದುಕೊಟ್ಟರೆ ಒಂದೊಂದೇ ಗುಂಡಿ ಎಳೆದು ನೋಡುವಷ್ಟು ಅನುಮಾನ ಅಕ್ಕನಿಗೆ. ಹಣ್ಣಿನಂಗಡಿಯಲ್ಲಿ ಮಿಕ್ಕವರು ಹಣ್ಣು ನೋಡಿದರೆ ಇವಳು ಬಗ್ಗಿ ತಕ್ಕಡಿಯ ಕೆಳಗೆ ನೋಡುತ್ತಾಳೆ. ಯಾರಾದರೂ ಚೆನ್ನಾಗಿದ್ದೀರಾ ಎಂದರೆ ಸಾಕು, ಇವರಿಗೇನು ಬೇಕಾಗಿದೆಯೋ ಎಂದು ಮೊದಲು ಯೋಚಿಸಿ ಆಮೇಲೆ ಹೂಂ ಅನ್ನುತ್ತಾಳೆ. ಕಾಲೇಜಿನ ಪ್ರಾಂಶುಪಾಲರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅವಳನ್ನು ಕರೆಯುವುದು ಅಕ್ಕ ಎಂದೇ. ಪ್ರೀತಿಗೋ ಭಯಕ್ಕೋ ಎಂದು ಕೇಳಿದರೆ ಕರೆಯುವವರೇ ತಬ್ಬಿಬ್ಬಾಗುತ್ತಾರೆ.

ಸಸ್ಯಶಾಸ್ತ್ರ ವಿಭಾಗದ ಹಿಂದೆ ಒಂದು ಹಳೆಯ ಪ್ರಯೋಗಾಲಯವಿದೆ. ಅದರ ಮಾಳಿಗೆಯ ಎರಡು ಕೋಣೆಗಳಲ್ಲಿ ಅವಳ ಅಪ್ಪ ತೆಗೆದ ಫಿಲ್ಮುಗಳಿವೆ. ಅಪ್ಪ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಗಿಡದ ಎದುರು ಕ್ಯಾಮೆರಾ ನಿಲ್ಲಿಸಿ, ಅದಕ್ಕೊಂದು ಗಡಿಯಾರ ಕಟ್ಟಿ, ಹೊತ್ತು ಹೊತ್ತಿಗೆ ಒಂದೊಂದೇ ಚಿತ್ರ ಹಿಡಿಸಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಓಡಿಸುತ್ತಿದ್ದರು. ವಾರಗಟ್ಟಲೆ ನಡೆದದ್ದು ಪರದೆಯ ಮೇಲೆ ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿಯುತ್ತಿತ್ತು. ಬೀಜ ತಲೆಯಿಂದ ಮಣ್ಣು ಗುದ್ದಿಕೊಂಡು ಏಳುವುದು, ಎಲೆ ಮಡಚಿ ಮಲಗುವುದು, ಬೇರು ಕಲ್ಲನ್ನು ಬಳಸಿಕೊಂಡು ಹೋಗುವುದು. ಎಲ್ಲಕ್ಕಿಂತ ಹೆಸರು ಮಾಡಿದ್ದು ಬಳ್ಳಿಯ ರೀಲುಗಳು. ಆಸರೆಗಾಗಿ ಗಾಳಿಯಲ್ಲಿ ತಡಕಾಡುವ ಬಳ್ಳಿಯ ಕುಡಿಯ ಹಿಂದೆ ಅಪ್ಪ ವರ್ಷಗಟ್ಟಲೆ ಬಿದ್ದಿದ್ದರು. ವಿಜ್ಞಾನದ ಇತಿಹಾಸ ಬರೆಯುವವರು ದೂರದಿಂದ ಅವನ್ನು ಹುಡುಕಿಕೊಂಡು ಬರುತ್ತಿದ್ದರು. ಅಕ್ಕ ಅವರಿಗೆ ಬಿಡಿ ಚಿತ್ರಗಳನ್ನು ತೋರಿಸಿ ಕಳಿಸುತ್ತಿದ್ದಳು. ರೀಲನ್ನು ಯಂತ್ರಕ್ಕೆ ಏರಿಸಲು ಮಾತ್ರ ಬಿಡುತ್ತಿರಲಿಲ್ಲ. ಓಡಿಸಿದಷ್ಟೂ ಸವೆಯುತ್ತದೆ ಎಂಬುದು ಅವಳ ವಾದ. ಒಡಹುಟ್ಟಿದ ತಮ್ಮ ಕೇಳಿದಾಗಲೂ ಅದೇ ಉತ್ತರ.

ಹಳೆಯ ಫಿಲ್ಮಿಗೆ ಒಂದು ಕೆಟ್ಟ ಕಾಯಿಲೆಯಿದೆ. ಸೆಕೆ, ತೇವ ತಗುಲಿದರೆ ಅದು ಒಳಗಿಂದೊಳಗೇ ಹುಳಿಯತೊಡಗುತ್ತದೆ. ಡಬ್ಬಿಯ ಮುಚ್ಚಳ ತೆರೆದರೆ ಗಮ್ಮೆಂದು ವಿನೆಗರ್ ವಾಸನೆ. ಆಮೇಲೆ ಫಿಲ್ಮು ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಕೊನೆಗೆ ಮುಟ್ಟಿದರೆ ಪುಡಿಯಾಗುತ್ತದೆ. ಅಷ್ಟಕ್ಕೇ ಬಿಡುವುದಿಲ್ಲ, ಆ ಹುಳಿ ಗಾಳಿ ಪಕ್ಕದ ಡಬ್ಬಿಗೂ ಅಂಟುತ್ತದೆ. ಆದ್ದರಿಂದ ಅಕ್ಕ ಬೆಳಿಗ್ಗೆ ಬಂದವಳೇ ಮಾಡುವ ಮೊದಲ ಕೆಲಸ ಕಪಾಟು ಕಪಾಟಿನ ಮುಂದೆ ನಿಂತು ಮೂಗು ಅರಳಿಸುವುದು. ತಂಪಿನ ಯಂತ್ರ ಕೆಟ್ಟ ಬೇಸಿಗೆಯಲ್ಲಿ ಅವಳು ಮನೆಯಿಂದ ಫ್ಯಾನು ಹೊತ್ತು ತಂದಿದ್ದಳು, ರಿಪೇರಿಯವನು ತಂತಿ ಕದ್ದಾನು ಎಂದು ಅವನ ಬೆನ್ನಿಗೇ ನಿಂತಿದ್ದಳು. ಅಪ್ಪನ ಒಂದು ರೀಲೂ ಹುಳಿಯಲಿಲ್ಲ.

ಈ ಅಚ್ಚುಕಟ್ಟೇ ಅವಳಿಗೆ ಮುಳುವಾಯಿತು. ಹಳೆಯ ವಿಜ್ಞಾನ ಸಂಗ್ರಹಗಳನ್ನು ಉಳಿಸಲು ಅನುದಾನ ಕೊಡುವ ಒಂದು ಪ್ರತಿಷ್ಠಾನವಿದೆ. ಹೋದ ವರ್ಷ ಅಲ್ಲಿಗೆ ಅರ್ಜಿ ಹಾಕಿದಾಗ ಬಂದ ಉತ್ತರ, ಸಂಗ್ರಹ ಸುಸ್ಥಿತಿಯಲ್ಲಿದೆ, ತುರ್ತು ಕಾಣುವುದಿಲ್ಲ ಎಂದು. ಪ್ರಾಂಶುಪಾಲರು ಓದಿ ಹೇಳಿದಾಗ ಅಕ್ಕನಿಗೆ ಮೊದಲು ಹೆಮ್ಮೆಯಾಯಿತು, ಮೆಟ್ಟಿಲಿಳಿಯುವಷ್ಟರಲ್ಲಿ ಮೈ ಉರಿಯಿತು. ಚೆನ್ನಾಗಿ ನೋಡಿಕೊಂಡದ್ದಕ್ಕೆ ಶಿಕ್ಷೆ ಕೊಡುವ ಜಗತ್ತನ್ನು ನಂಬಬಾರದು ಎಂದು ಅವಳು ಎಂದಿನಿಂದಲೋ ಹೇಳುತ್ತಿದ್ದಳು, ಈಗ ಸಾಕ್ಷಿಯೂ ಸಿಕ್ಕಿತು. ಕಾಲೇಜಿನವರೂ ಕೈ ಎತ್ತಿದ್ದರು. ಈ ವರ್ಷವೂ ಅನುದಾನ ಬರದಿದ್ದರೆ ತಂಪಿನ ಯಂತ್ರ ನಿಲ್ಲುತ್ತದೆ, ಕೋಣೆಗಳು ಬೇರೆ ವಿಭಾಗಕ್ಕೆ ಹೋಗುತ್ತವೆ, ಫಿಲ್ಮುಗಳು ನೆಲಮಾಳಿಗೆಗೆ. ನೆಲಮಾಳಿಗೆಯಲ್ಲಿ ಬಿಸಿನೀರಿನ ಕೊಳವೆಗಳು ಹಾದುಹೋಗುತ್ತವೆ. ಅಲ್ಲಿಟ್ಟರೆ ಅಪ್ಪನನ್ನು ಎರಡನೇ ಸಲ ಕಳೆದುಕೊಂಡಂತೆಯೇ ಎಂದು ಅಕ್ಕನಿಗೆ ಗೊತ್ತಿತ್ತು.

ಎರಡನೇ ಅರ್ಜಿಗೆ ಪ್ರತಿಷ್ಠಾನ ತನ್ನ ತಪಾಸಕನನ್ನು ಕಳಿಸಿತು. ಅಕ್ಕ ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡು, ಕೆಲವು ದಿನ ಮನೆಯಲ್ಲಿ ಕೂತು, ಕಪ್ಪು ಕನ್ನಡಕದೊಂದಿಗೆ ಅಂದೇ ಕೆಲಸಕ್ಕೆ ಮರಳಿದ್ದಳು. ತಪಾಸಕ ನಲವತ್ತು ದಾಟಿದ, ಮಾತು ಕಮ್ಮಿಯ ಮನುಷ್ಯ. ಬಾಗಿಲಲ್ಲೇ ಅಕ್ಕ ಅವನನ್ನು ತಡೆದಳು.

"ಬ್ಯಾಗ್ ಹೊರಗಿಡಿ ಸರ್."

"ಇದರಲ್ಲಿ ನನ್ನ ಸಾಮಾನಿದೆ ಅಮ್ಮ."

"ಅದಕ್ಕೇ ಹೇಳ್ತಿರೋದು."

ಅವನು ನಗಲಿಲ್ಲ. ಬ್ಯಾಗನ್ನು ತೆರೆದು, ಒಳಗಿದ್ದದ್ದನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ತೋರಿಸಿದ. ಕೈಗವಸು, ಪೆನ್ಸಿಲ್, ಪುಟ್ಟ ಪುಟ್ಟ ನೀಲಿ ಕಾಗದದ ಚೂರುಗಳು. ಆ ಚೂರನ್ನು ಡಬ್ಬಿಯೊಳಗಿಟ್ಟು ಒಂದು ದಿನ ಬಿಟ್ಟರೆ ಫಿಲ್ಮಿನ ಆರೋಗ್ಯ ತಿಳಿಯುತ್ತದೆ. ನೀಲಿಯಾಗಿಯೇ ಉಳಿದರೆ ಗಟ್ಟಿಮುಟ್ಟು, ಹಸಿರಾದರೆ ಕಾಯಿಲೆ ಶುರು, ಹಳದಿಯಾದರೆ ಆಸೆ ಬಿಟ್ಟುಬಿಡುವುದು. ಅಕ್ಕನಿಗೆ ಇದೆಲ್ಲ ಗೊತ್ತಿತ್ತು. ಆದರೂ ಅವನು ಚೂರು ಇಡುವಾಗ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಸಂಜೆ ಬಾಗಿಲಿಗೆ ಬೀಗ ಹಾಕಿ, ಬೀಗದ ಮೇಲೊಂದು ಕಾಗದ ಅಂಟಿಸಿ, ಅದಕ್ಕೆ ಅವನ ಸಹಿಯನ್ನೂ ತನ್ನ ಸಹಿಯನ್ನೂ ಹಾಕಿಸಿದಳು. ಸಹಿ ಹಾಕುತ್ತಾ ಅವನು ಹೇಳಿದ, "ನಿಮ್ಮಂಥೋರು ಇನ್ನೂ ನಾಲ್ಕು ಜನ ಇದ್ದಿದ್ರೆ ನನ್ನ ಕೆಲಸ ಹಗುರ ಆಗ್ತಿತ್ತು." ಬೆಣ್ಣೆ ಹಚ್ಚುತ್ತಿದ್ದಾನೆ ಎಂದುಕೊಂಡಳು ಅಕ್ಕ.

ಮಾರನೆಯ ದಿನ ಕಾಗದ ಹರಿದು ಬಾಗಿಲು ತೆರೆದರು. ಬೀಜದ ರೀಲುಗಳು ನೀಲಿ. ಬೇರಿನ ರೀಲುಗಳು ನೀಲಿ. ಎಲೆಯವು ಒಂದೆರಡು ಕಡೆ ಹಸಿರಿಗೆ ತಿರುಗಿದ್ದವು, ಅಷ್ಟೆ. ಕೊನೆಯ ಕಪಾಟಿಗೆ ಬಂದಾಗ ತಪಾಸಕ ಮೊದಲ ಡಬ್ಬಿಯ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದ, ಎರಡನೆಯದನ್ನು ತೆರೆದ, ಮೂರನೆಯದನ್ನೂ ತೆರೆದ. ಬಳ್ಳಿಯ ರೀಲುಗಳ ಚೂರುಗಳೆಲ್ಲ ಹಳದಿಯಾಗಿದ್ದವು.

ಅಕ್ಕ ಒಂದೊಂದು ಚೂರನ್ನೂ ತಾನೇ ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ಎಂದಿನಂತೆ ಅನುಮಾನ ಬಂತು, ಅದು ಬಂದದ್ದೇ ಸ್ವಲ್ಪ ಉಸಿರಾಡುವಂತಾಯಿತು. ಚೂರುಗಳೇ ಕೆಟ್ಟಿರಬೇಕು ಎಂದಳು. ಅವನು ಸುಮ್ಮನೆ ಹೊಸ ಪೊಟ್ಟಣ ಒಡೆದು ಕೊಟ್ಟ. ಅವಳೇ ತನ್ನ ಕೈಯಾರೆ ಚೂರು ತೆಗೆದು ಡಬ್ಬಿಯೊಳಗಿಟ್ಟಳು. ಮಧ್ಯಾಹ್ನದ ಹೊತ್ತಿಗಾಗಲೇ ಅದರ ಅಂಚು ಹಳದಿಯಾಗುತ್ತಿತ್ತು. ಬಗ್ಗಿ ಮೂಸಿ ನೋಡಿದಳು. ವಾಸನೆ ಇತ್ತು. ಕಣ್ಣಿನ ಔಷಧಿ ಮೂಗಿಗಿಳಿದು ತನಗೆ ಬೆಳಿಗ್ಗೆ ಗೊತ್ತಾಗಲಿಲ್ಲವಲ್ಲ ಎಂದು ತನ್ನ ಮೇಲೇ ಕೋಪ ಬಂತು.

ಪ್ರಾಂಶುಪಾಲರ ಕೋಣೆಯಲ್ಲಿ ತಪಾಸಕ ವಿಷಯ ಬಿಡಿಸಿ ಹೇಳಿದ. "ಒಳ್ಳೆ ಸುದ್ದೀನೂ ಇದೆ, ಕೆಟ್ಟ ಸುದ್ದೀನೂ ಇದೆ. ಪಕ್ಕದ ಕಪಾಟಲ್ಲೇ ಕಾಯಿಲೆ ಇರೋದ್ರಿಂದ ಉಳಿದ ರೀಲುಗಳಿಗೆ ಈಗ ತುರ್ತು ಬಂತು. ಅನುದಾನಕ್ಕೆ ನಾನೇ ಶಿಫಾರಸು ಮಾಡ್ತೀನಿ, ಖಂಡಿತ ಸಿಗುತ್ತೆ. ಆದ್ರೆ ಬಳ್ಳಿ ರೀಲುಗಳಿಗೆ ನಾವು ದುಡ್ಡು ಹಾಕಲ್ಲ. ಉಳಿಯೋದಕ್ಕೆ ಮಾತ್ರ ಹಾಕೋದು. ಅವನ್ನ ತೆಗೆದು ವಿಲೇವಾರಿ ಮಾಡ್ಬೇಕು. ನಾಳೆ ಒಪ್ಪಿಗೆ ಸಹಿ ಬೇಕು."

"ವಿಲೇವಾರಿ ಅಂದ್ರೆ?"

"ಸುಡೋದು ಅಮ್ಮ."

"ನಾನು ಮನೆಗೆ ತಗೊಂಡು ಹೋಗ್ತೀನಿ."

"ಎಲ್ಲರೂ ಹಾಗೇ ಹೇಳ್ತಾರೆ. ನಾವು ಆ ಕಡೆ ಹೋದ್ಮೇಲೆ ಮೆಲ್ಲಗೆ ವಾಪಸ್ ಅದೇ ಕಪಾಟಿಗೆ ತಂದಿಡ್ತಾರೆ. ಅದಕ್ಕೇ ಈ ನಿಯಮ."

ಪ್ರಾಂಶುಪಾಲರ ಮುಖ ಅರಳಿಹೋಗಿತ್ತು. ಅನುದಾನ ಎಂಬ ಪದ ಕಿವಿಗೆ ಬಿದ್ದ ಮೇಲೆ ಅವರಿಗೆ ಮುಂದಿನದು ಸರಿಯಾಗಿ ಕೇಳಿಸಿದಂತಿರಲಿಲ್ಲ. "ಒಂದು ಹೋದ್ರೂ ಉಳಿದಿದ್ದೆಲ್ಲ ಉಳೀತಲ್ಲ ಅಕ್ಕ, ಸಮಾಧಾನ ಮಾಡ್ಕೊಳ್ಳಿ," ಎಂದರು. ಅಕ್ಕ ಎದ್ದು ಬಂದಳು. ಒಂದು ಹೋದರೂ ಅಂತೆ. ಈ ಮನುಷ್ಯನ ಮನೆಯಲ್ಲಿ ಯಾರನ್ನಾದರೂ ಹೀಗೆ ಲೆಕ್ಕ ಹಾಕಿದರೆ ಹೇಗಿರುತ್ತದೋ.

ಅವಳು ಮಾಳಿಗೆಗೆ ಮರಳಿ ಬಳ್ಳಿಯ ಮೊದಲ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಅಳು ಬರುತ್ತಿತ್ತು, ಕಣ್ಣಿನ ಡಾಕ್ಟರು ಅಳಬಾರದು ಎಂದಿದ್ದರು. ಅಪ್ಪನ ಜೊತೆ ಕತ್ತಲ ಕೋಣೆಯಲ್ಲಿ ಈ ರೀಲನ್ನು ತೊಳೆದು ಒಣಹಾಕಿದ್ದು ಅವಳೇ. ಕೊನೆಯದಾಗಿ ಒಮ್ಮೆ ಕೈಯಲ್ಲಿ ಹಿಡಿಯೋಣವೆಂದು ರೀಲನ್ನು ಡಬ್ಬಿಯಿಂದ ಎತ್ತಿ ಮೂಗಿನ ಹತ್ತಿರ ತಂದಳು. ತಂದ ಕೈ ಅಲ್ಲೇ ನಿಂತಿತು.

ರೀಲಿನಿಂದ ವಾಸನೆ ಹೆಚ್ಚೇನೂ ಬರುತ್ತಿರಲಿಲ್ಲ. ಡಬ್ಬಿ ಘಾಟು ಹೊಡೆಯುತ್ತಿತ್ತು. ಕಾಯಿಲೆ ಬಿದ್ದ ಫಿಲ್ಮಿನಲ್ಲಿ ಹುಳಿ ಸುರುಳಿಯ ಒಳಗಿಂದ ಎದ್ದು ಬರುತ್ತದೆ, ಇಲ್ಲಿ ಮುಚ್ಚಳದ ಒಳಮೈಯಲ್ಲಿ ಕೂತಿತ್ತು. ಬೆರಳಾಡಿಸಿದಳು. ಅಂಚಿನ ಮಡಿಕೆಯಲ್ಲಿ ಒಂದು ಬಿಳಿಯ ಎಳೆ ಸಿಕ್ಕಿಕೊಂಡಿತ್ತು. ಹತ್ತಿ.

ಆ ಕೋಣೆಯೊಳಗೆ ಹತ್ತಿ ಬರುವಂತೆಯೇ ಇಲ್ಲ. ಎಳೆ ಬಿಡುವ ಯಾವ ವಸ್ತುವನ್ನೂ ಅಕ್ಕ ಫಿಲ್ಮಿನ ಹತ್ತಿರ ಬಿಟ್ಟವಳಲ್ಲ. ತಪಾಸಕನ ಬ್ಯಾಗಿನಲ್ಲಿ ಹತ್ತಿ ಇರಲಿಲ್ಲ, ಅವಳೇ ನೋಡಿದ್ದಾಳೆ. ಬೀಗದ ಕೈ ಅವಳ ಸೊಂಟ ಬಿಟ್ಟು ಬೇರೆ ಕಡೆ ಹೋದದ್ದು ಕಣ್ಣಿನ ಆಪರೇಷನ್ನಿನ ದಿನಗಳಲ್ಲಿ ಮಾತ್ರ. ತಂಪಿನ ಯಂತ್ರ ನೋಡಿಕೊಳ್ಳಲೆಂದು ತಮ್ಮನ ಕೈಗೆ ಕೊಟ್ಟಿದ್ದಳು. ತಮ್ಮನದು ಔಷಧಿ ಅಂಗಡಿ.

ಲೋಕವನ್ನೆಲ್ಲ ಅನುಮಾನಿಸಿದ ಹೆಂಗಸು ತಮ್ಮನನ್ನು ಮಾತ್ರ ಎಂದೂ ಅನುಮಾನಿಸಿರಲಿಲ್ಲ. ಅವನ ಮೇಲೆ ನಂಬಿಕೆಯಿದ್ದುದಕ್ಕೆ ಎಂದುಕೊಳ್ಳಬೇಡಿ, ಇಂಥದ್ದೊಂದು ಮಾಡುವಷ್ಟು ಚುರುಕು ಅವನಿಗಿಲ್ಲ ಎಂದು ತಿಳಿದಿದ್ದಳು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಕ್ಕ ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಕೂತು ಅವರು ಹೋಗುವವರೆಗೆ ಕಾದಳು. ಅವಳ ಗಂಟು ಮುಖ ನೋಡಿ ತಮ್ಮನ ಹೆಂಡತಿ ಒಳಗಿನಿಂದ ಚಹಾ ತಂದಿಟ್ಟು, ಔಷಧಿ ಕಪಾಟು ಒರೆಸಲು ನಿಂತಳು. ಕೊನೆಯ ಗಿರಾಕಿ ಮೆಟ್ಟಿಲಿಳಿದ ಮೇಲೆ ಅಕ್ಕ ಆ ಹತ್ತಿಯ ಎಳೆಯನ್ನು ಗಾಜಿನ ಮೇಲಿಟ್ಟಳು.

"ಇದು ನಿಂದೇನೋ?"

ತಮ್ಮ ನೋಡಿದ. ಸುಳ್ಳು ಹೇಳಲು ಬಾಯಿ ತೆರೆದ, ಬರಲಿಲ್ಲ.

"ಎಲ್ಲಾ ತೆಗ್ದಿದ್ದೆ ಅಂದ್ಕೊಂಡಿದ್ದೆ," ಎಂದ.

"ಅಯ್ಯೋ ಪಾಪಿ. ಯಾಕೋ ಮಾಡ್ದೆ?"

"ಇನ್ನೇನು ಮಾಡ್ಲಿ? ಹೋದ್ವರ್ಷ ಚೆನ್ನಾಗಿದೆ ಅಂತ ದುಡ್ಡು ಕೊಡ್ಲಿಲ್ಲ. ಈ ವರ್ಷಾನೂ ನೀನು ತೊಳೆದು ಒರೆಸಿ ಫಳಫಳ ಅನ್ನಿಸಿ ಇಡ್ತೀಯ, ಅವರು ಮತ್ತೆ ಭೇಷ್ ಅಂದು ಹೋಗ್ತಾರೆ. ಆಮೇಲೆ ನೆಲಮಾಳಿಗೆ. ಸ್ವಲ್ಪ ಹುಳಿ ವಾಸನೆ ಬಂದ್ರೆ ಓಡಿ ಬಂದು ದುಡ್ಡು ಕೊಡ್ತಾರೆ ಅಂದ್ಕೊಂಡೆ. ವಿನೆಗರಲ್ಲಿ ಹತ್ತಿ ಅದ್ದಿ ಡಬ್ಬಿ ಒಳಗಿಟ್ಟೆ. ಅವರು ಬರೋ ಹಿಂದಿನ ದಿನ ತೆಗೆದೆ."

"ಬಳ್ಳಿ ರೀಲೇ ಬೇಕಿತ್ತಾ ನಿಂಗೆ?"

"ಮತ್ತೆ ಯಾವುದಕ್ಕಿಡ್ಲಿ? ಮನೇಲಿ ದೊಡ್ಡೋರಿಗೆ ಹುಷಾರಿಲ್ಲ ಅಂದ್ರೆ ತಾನೆ ಡಾಕ್ಟರು ಮನೆಗೇ ಬರೋದು? ಬೇರಿನ ರೀಲು ಹುಳಿತು ಅಂದ್ರೆ ಯಾರು ತಿರುಗಿ ನೋಡ್ತಾರೆ?"

"ಅದನ್ನ ಸುಡ್ತಾರಂತೆ. ನಾಳೆ ಸಹಿ ಹಾಕ್ಬೇಕಂತೆ ನಾನು."

"ಸುಡ್ತಾರಾ?" ಎಂದ ತಮ್ಮ. ಕಪಾಟು ಒರೆಸುತ್ತಿದ್ದ ಅವನ ಹೆಂಡತಿ ಬಟ್ಟೆಯನ್ನು ಕೆಳಗಿಟ್ಟಳು. "ನಾನು ಬೇಡ ಅಂದೆ ಅತ್ತಿಗೆ," ಎಂದಳು. "ನಿಮ್ಮನ್ನ ಒಂದು ಮಾತು ಕೇಳಿ ಅಂದೆ. ಅಕ್ಕನ ಹತ್ರ ಹೇಳಿದ್ರೆ ಬೀಗದ ಕೈ ವಾಪಸ್ ಕಿತ್ಕೋತಾಳೆ ಅಂದ್ರು." ಅದು ನಿಜವೇ ಆಗಿತ್ತು. ಅಕ್ಕ ಕಿತ್ತುಕೊಳ್ಳುತ್ತಿದ್ದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು. ಹೇಳಿದರೆ ಅನುದಾನ ಹೋಯಿತು, ಎಲ್ಲ ರೀಲುಗಳೂ ನೆಲಮಾಳಿಗೆಗೆ ಹೋದವು, ತಮ್ಮನ ಮಾನವೂ ಹೋಯಿತು. ಹೇಳದಿದ್ದರೆ ಉಳಿದದ್ದೆಲ್ಲ ಉಳಿದು ಬಳ್ಳಿಗಳು ಸುಟ್ಟುಹೋದವು, ಅದೂ ಆರೋಗ್ಯವಾಗಿರುವಾಗಲೇ. ಸುಮ್ಮನಿರುವುದೇ ಬುದ್ಧಿವಂತಿಕೆ ಎಂದು ಲೆಕ್ಕ ಹೇಳುತ್ತಿತ್ತು. ಆದರೆ ಜೀವವಿರುವುದನ್ನು ಸತ್ತಿದೆಯೆಂದು ಬರೆದು ಸಹಿ ಹಾಕುವ ಕೈ ತನ್ನದಲ್ಲ ಎಂಬುದು ಬೆಳಿಗ್ಗೆ ಮುಖ ತೊಳೆಯುವಾಗ ಅವಳಿಗೆ ಖಚಿತವಾಯಿತು.

ಒಪ್ಪಿಗೆಯ ಕಾಗದವನ್ನು ತಪಾಸಕ ಮೇಜಿನ ಮೇಲಿಟ್ಟು ಪೆನ್ನು ಮುಂದೆ ಚಾಚಿದಾಗ ಅಕ್ಕ ಎಲ್ಲವನ್ನೂ ಹೇಳಿದಳು. ಹತ್ತಿ, ವಿನೆಗರ್, ತಮ್ಮ, ಬೀಗದ ಕೈ. ಪ್ರಾಂಶುಪಾಲರು ಅವನ ಬೆನ್ನ ಹಿಂದೆ ನಿಂತು, ಬೇಡ ಬೇಡ ಎಂದು ಕೈಯಾಡಿಸುತ್ತಲೇ ಇದ್ದರು. ತಪಾಸಕ ಪೂರ್ತಿ ಕೇಳಿ ಪೆನ್ನನ್ನು ಮುಚ್ಚಿದ.

"ಅಮ್ಮ, ಬೇಜಾರು ಮಾಡ್ಕೋಬೇಡಿ. ನಾನಿದನ್ನ ನಂಬಲ್ಲ."

"ಅಂದ್ರೆ?"

"ನಾನು ಹೋದಲ್ಲೆಲ್ಲ ಇದೇ ನಡಿಯುತ್ತೆ. ತಮಗೆ ಬೇಕಾದ ರೀಲು ಸತ್ತಿದೆ ಅಂದ್ರೆ ಯಾರೂ ಒಪ್ಪಲ್ಲ. ಒಬ್ರು, ಕಿಟಕಿ ಒರೆಸೋಕೆ ವಿನೆಗರ್ ಬಳಸಿದ್ವಿ ಅಂದ್ರು. ಇನ್ನೊಬ್ರು ನನ್ನ ಚೂರೇ ಕದ್ದು ಬೇರೆ ಚೂರಿಟ್ರು. ನೀವು ತಮ್ಮನ ಮೇಲೆ ಹಾಕ್ತಿದ್ದೀರ."

ಆಯುಷ್ಯವೆಲ್ಲ ಅಕ್ಕ ಜನರ ಮಾತನ್ನು ತಳ್ಳಿಹಾಕಿದ್ದಳು, ಆದರೆ ಅವಳ ಮಾತನ್ನು ಮುಖದೆದುರೇ ಹೀಗೆ ತಳ್ಳಿಹಾಕಿದವರಿರಲಿಲ್ಲ. ಎಷ್ಟು ಉರಿಯುತ್ತದೆ ಎಂದು ಮೊದಲ ಸಲ ಗೊತ್ತಾಯಿತು. ಅಷ್ಟರಲ್ಲಿ ತಮ್ಮ ಅಂಗಡಿ ಮುಚ್ಚಿ ಏದುಸಿರು ಬಿಡುತ್ತ ಬಂದ, ಮಾಡಿದ್ದು ನಾನೇ ಎಂದ. ತಪಾಸಕ ಅವನನ್ನೂ ನೋಡಿದ, ಅವಳನ್ನೂ ನೋಡಿದ. "ಅಕ್ಕ ತಮ್ಮ ಇಬ್ರೂ ಮಾತಾಡ್ಕೊಂಡು ಬಂದಿದ್ದೀರ," ಎಂದ.

"ಓಡಿಸಿ ನೋಡೋಣ," ಎಂದಳು ಅಕ್ಕ.

ಅದನ್ನು ತಾನೇ ಹೇಳಿದೆ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಆದರೆ ಬೇರೆ ದಾರಿಯಿರಲಿಲ್ಲ. ಕಾಯಿಲೆ ಹಳದಿಯವರೆಗೆ ಹೋದ ಫಿಲ್ಮು ಕುಗ್ಗಿರಲೇಬೇಕು, ಕುಗ್ಗಿದ ಫಿಲ್ಮಿನ ತೂತುಗಳು ಯಂತ್ರದ ಹಲ್ಲಿಗೆ ಕೂರುವುದಿಲ್ಲ. ಮೊದಲು ಟಕಟಕ ಎನ್ನುತ್ತದೆ, ಆಮೇಲೆ ಹರಿಯುತ್ತದೆ. ಅವಳು ಹೇಳಿದ್ದು ಸುಳ್ಳಾದರೆ ರೀಲು ಅಲ್ಲೇ ಚಿಂದಿಯಾಗುತ್ತದೆ. ತಪಾಸಕನ ಹುಬ್ಬು ಮೊದಲ ಬಾರಿಗೆ ಮೇಲೆದ್ದಿತು. ಸುಳ್ಳು ಹೇಳುವವರು ಇಂಥ ಮಾತಿಗೆ ಬರುವುದಿಲ್ಲ ಎಂದು ಅವನಿಗೂ ಅನಿಸಿರಬೇಕು.

ಪಾಠದ ಕೋಣೆಯ ಪರದೆಗಳನ್ನು ಎಳೆದು ಕತ್ತಲು ಮಾಡಿದರು. ಅಕ್ಕ ಅಪ್ಪನ ಯಂತ್ರವನ್ನು ಒರೆಸಿ, ಎಣ್ಣೆಬಿಟ್ಟು, ಫಿಲ್ಮನ್ನು ಕೈಯಾರೆ ಹಲ್ಲಿಗೇರಿಸಿದಳು. ಗುಂಡಿ ಒತ್ತಿದಾಗ ಯಂತ್ರ ಒಂದು ಕ್ಷಣ ಕೆಮ್ಮಿ, ಆಮೇಲೆ ಒಂದೇ ಸಮನೆ ಗುಂಯ್ಗುಡಲು ಹತ್ತಿತು. ತಪಾಸಕ ಪರದೆಯ ಕಡೆ ನೋಡಲೇ ಇಲ್ಲ, ಯಂತ್ರದ ಹತ್ತಿರ ಬಗ್ಗಿ ಕಿವಿಗೊಟ್ಟು ಕೂತ. ಟಕಟಕ ಇಲ್ಲ. ಎಳೆತವಿಲ್ಲ.

ಪರದೆಯ ಮೇಲೆ ಬಳ್ಳಿಯ ಕುಡಿ ಎದ್ದಿತು. ಗಾಳಿಯಲ್ಲಿ ಒಂದು ಸುತ್ತು ಹಾಕಿತು, ಏನೂ ಸಿಗಲಿಲ್ಲ, ಸ್ವಲ್ಪ ಉದ್ದವಾಗಿ ಇನ್ನೊಂದು ಸುತ್ತು ಹಾಕಿತು. ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟಿತ್ತು. ಕುಡಿ ಅದನ್ನು ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಚೌಕಟ್ಟಿನ ಅಂಚಿನಿಂದ ಒಂದು ಕೈ ಬಂದು ಕಡ್ಡಿಯನ್ನು ಕಿತ್ತು ಆಚೆ ನೆಟ್ಟಿತು, ಅಷ್ಟು ಹೊತ್ತು ಮಾತ್ರ ಕ್ಯಾಮೆರಾ ಗಡಿಯಾರ ಬಿಟ್ಟು ಒಂದೇ ಸಮನೆ ಓಡಿದ್ದಿರಬೇಕು. ಕುಡಿ ತಡವರಿಸಿತು, ಒಂದಷ್ಟು ಹೊತ್ತು ಸುಮ್ಮನೆ ನೇತಾಡಿತು, ಮತ್ತೆ ಸುತ್ತಲು ಶುರು ಮಾಡಿತು.

"ಅಪ್ಪನ ಕೈ," ಎಂದ ತಮ್ಮ.

ಅಕ್ಕ ಪರದೆ ಬಿಟ್ಟು ಅವನ ಕಡೆ ತಿರುಗಿದಳು. ಅಪ್ಪ ಹೋದಾಗ ಅವನಿನ್ನೂ ಚಿಕ್ಕವನು. ಅವನಿಗೆ ಅಪ್ಪನ ಮುಖವೇ ಸರಿಯಾಗಿ ನೆನಪಿರಲಾರದು, ಈ ಕೈಯಾದರೂ ಇಲ್ಲಿತ್ತು, ಇದನ್ನು ಅವನು ಎಷ್ಟು ಸಲ ಕೇಳಿದ್ದ. ಸವೆಯುತ್ತದೆ ಎಂದು ಪ್ರತಿಸಲವೂ ಕಳಿಸಿದ್ದಳು. ಇದನ್ನೆಲ್ಲ ಯಾರಿಗಾಗಿ ಕಾಯುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡಾಗ ಅವಳಿಗೆ ನಾಚಿಕೆಯಾಯಿತು. ಪರದೆಯ ಮೇಲೆ ಕುಡಿ ಕೊನೆಗೂ ಕಡ್ಡಿಯನ್ನು ತಲುಪಿ, ಒಂದು ಸುತ್ತು ಸುತ್ತಿಕೊಂಡು, ಬಿಗಿಯಿತು. ರೀಲು ಮುಗಿದು ಬಾಲ ಪಟಪಟ ಬಡಿಯತೊಡಗಿದಾಗ ಯಂತ್ರ ನಿಲ್ಲಿಸುವುದನ್ನೂ ಅವಳು ಮರೆತಿದ್ದಳು. ತಪಾಸಕನೇ ನಿಲ್ಲಿಸಿದ.

"ಕುಗ್ಗಿಲ್ಲ," ಎಂದ ಅವನು. "ನೀವು ಹೇಳಿದ್ದು ನಿಜ. ನಂಬಲ್ಲ ಅಂದಿದ್ದಕ್ಕೆ ಕ್ಷಮಿಸಿ."

ಪ್ರಾಂಶುಪಾಲರು ಮುಂದೆ ಬಂದರು. "ಹಾಗಾದ್ರೆ ಸರ್, ಅನುದಾನ..."

"ಅದು ಆಗಲ್ಲ. ನನ್ನ ಕಣ್ಣಿಗೆ ಮಣ್ಣೆರಚಿದ ಸಂಗ್ರಹಕ್ಕೆ ದುಡ್ಡು ಕೊಡಿ ಅಂತ ನಾನು ಹೇಗೆ ಬರೀಲಿ?" ಅವನು ಅಕ್ಕನ ಕಡೆ ತಿರುಗಿದ. "ಇನ್ನೊಂದಿದೆ ಅಮ್ಮ. ಅಷ್ಟು ದಿನ ಹುಳಿ ಗಾಳಿಲಿ ಇದ್ದ ಫಿಲ್ಮು ಅದನ್ನ ಹೀರ್ಕೊಂಡಿರುತ್ತೆ. ಸುಳ್ಳು ಕಾಯಿಲೆ ಈಗ ನಿಜವಾಗ್ಲೂ ಶುರು ಆಗುತ್ತೆ. ಬೇಗ ಒಳ್ಳೆ ತಂಪಿಗೆ ಹೋಗ್ಬೇಕು. ನಮ್ಮ ಪ್ರತಿಷ್ಠಾನದ ಶೈತ್ಯಾಗಾರದಲ್ಲಿ ಜಾಗ ಇದೆ. ಎಲ್ಲಾ ರೀಲುಗಳನ್ನೂ ಕೊಟ್ರೆ ಇಟ್ಕೋತೀವಿ. ದುಡ್ಡು ಕೊಡೋದೂ ಇಲ್ಲ, ಕೇಳೋದೂ ಇಲ್ಲ. ಆದ್ರೆ ಬೀಗ ನಮ್ದು."

ಅಕ್ಕ ಅವನ ಮುಖವನ್ನೇ ದಿಟ್ಟಿಸಿದಳು. ಹೊಟ್ಟೆಯೊಳಗಿನ ಹಳೆಯ ಅನುಮಾನ ಮತ್ತೆ ಎದ್ದು ಕೂತಿತ್ತು. "ಮೊದ್ಲಿಂದ್ಲೂ ಇದೇ ನಿಮ್ಮ ಮನಸ್ಸಲ್ಲಿತ್ತಾ? ಕೇಳೇಬಿಡ್ತೀನಿ."

"ನಾನು ಇಲ್ಲ ಅಂದ್ರೆ ನೀವು ನಂಬ್ತೀರಾ?"

ನಂಬುವುದೂ ಬಿಡುವುದೂ ಬಳ್ಳಿಗಳಿಗೆ ಬೇಕಾಗಿರಲಿಲ್ಲ, ಅವಕ್ಕೆ ಬೇಕಾದದ್ದು ತಂಪು. ಅದನ್ನು ಕೊಡುವ ಶಕ್ತಿ ತನಗಿಲ್ಲ ಎಂದು ಒಪ್ಪಿಕೊಳ್ಳುವಾಗ ಅವಳಿಗೆ ಎಲುಬು ಮುರಿದಷ್ಟು ನೋವಾಯಿತು. ಒಂದು ಸಲ ಮಾತ್ರ ಹೂಂ ಎಂದಳು.

ಕೆಲವು ದಿನಗಳಲ್ಲೇ ತಂಪಿನ ಗಾಡಿ ಪ್ರಯೋಗಾಲಯದ ಹಿಂಬಾಗಿಲಿಗೆ ಬಂದು ನಿಂತಿತು. ಡಬ್ಬಿಗಳನ್ನು ಅಕ್ಕನೇ ಪೆಟ್ಟಿಗೆಗೆ ತುಂಬಿದಳು, ಕೂಲಿಯವರು ಮೆಟ್ಟಿಲಿಳಿಯುವಾಗ ಪ್ರತಿ ಪೆಟ್ಟಿಗೆಯ ಜೊತೆಗೂ ಇಳಿದಳು, ಮತ್ತೆ ಹತ್ತಿದಳು. ಡ್ರೈವ‍ರನ ಹೆಸರು, ಊರು, ಎಷ್ಟು ವರ್ಷದ ಅನುಭವ, ರಾತ್ರಿ ನಿದ್ದೆ ಮಾಡಿದ್ದಾನೋ ಇಲ್ಲವೋ ಎಲ್ಲ ವಿಚಾರಿಸಿದಳು. ಕೊನೆಯ ಪೆಟ್ಟಿಗೆ ಒಳಹೋದ ಮೇಲೆ ತಮ್ಮನ ರಟ್ಟೆ ಹಿಡಿದು ತಂದು ಗಾಡಿಯ ಬಾಗಿಲಿಗೆ ನಿಲ್ಲಿಸಿದಳು.

"ಇವನು ಜೊತೇಲಿ ಬರ್ತಾನೆ. ಅಲ್ಲಿ ಒಳಗಿಡೋವರೆಗೂ ಇರ್ತಾನೆ. ತಿಂಗಳಿಗೊಂದ್ಸಲ ಬಂದು ನೋಡ್ಕೊಂಡೂ ಹೋಗ್ತಾನೆ."

ತಪಾಸಕ ತಮ್ಮನನ್ನು ಮೇಲಿಂದ ಕೆಳಗೆ ನೋಡಿದ. "ಅಮ್ಮ, ವಿನೆಗರ್ ಇಟ್ಟಿದ್ದು ಇವರೇ ಅಲ್ವಾ?"

"ಇವನೇ."

"ಮತ್ತೆ ಇವರನ್ನೇ ಕಾವಲಿಗೆ ಕಳಿಸ್ತಿದ್ದೀರ?"

"ಇನ್ಯಾರನ್ನ ಕಳಿಸ್ಲಿ ಸರ್?" ಎಂದಳು ಅಕ್ಕ. "ನೀವು ಏನು ಮಾಡ್ತೀರೋ ನಂಗೊತ್ತಿಲ್ಲ, ಈ ಡ್ರೈವರು ಏನು ಮಾಡ್ತಾನೋ ನಂಗೊತ್ತಿಲ್ಲ. ಇನ್ನೊಂದ್ಸಲ ಮಾಡಲ್ಲ ಅಂತ ನಂಗೆ ಗೊತ್ತಿರೋದು ಇವನೊಬ್ಬನ ಬಗ್ಗೆ ಮಾತ್ರ."

ತಮ್ಮ ತಲೆ ಬಗ್ಗಿಸಿ ಗಾಡಿ ಹತ್ತಿದ.